ಹನ್ನೆರಡನೆಯ ಹೋಳಿಗೆಯ ಶೋಕಗೀತೆ

ಸಾಗರದ ಬಾಡಿಗೆ ಮನೆಯಲ್ಲಿ ನಾನು ಮೊದಲ ಸಲ ವಾದ್ಯ ನುಡಿಸಿದ ಬೆಳಿಗ್ಗೆ ಬೀದಿಯ ಹೆಂಗಸರು ನನ್ನ ಹೆಂಡತಿಯನ್ನು ಸಮಾಧಾನ ಮಾಡಲು ಬಂದರು. ಒಬ್ಬರ ಕೈಯಲ್ಲಿ ಕಷಾಯದ ಚೊಂಬು, ಇನ್ನೊಬ್ಬರ ಕೈಯಲ್ಲಿ ಬಿಸಿ ಮಾಡಿದ ಕೊಬ್ಬರಿ ಎಣ್ಣೆ. "ಹೊಟ್ಟೆನೋವಾ? ಎಷ್ಟೊತ್ತಿಂದ ನರಳ್ತಾ ಇದಾರೆ?" ಎಂದು ಕೇಳಿದರು. ನಾನು ಕಮಾನು ಹಿಡಿದುಕೊಂಡೇ ಹೊರಗೆ ಬಂದೆ. ಮೈಸೂರಿನ ಅರಮನೆಯಲ್ಲಿ ಹತ್ತೊಂಬತ್ತು ವರ್ಷ ದೊರೆಗಳ ಅತಿಥಿಗಳ ಮುಂದೆ ನುಡಿಸಿದವನು ನಾನು. ಚೆನ್ನಾಗಿಲ್ಲ ಎಂದವರಿದ್ದರು, ಆಕಳಿಸಿದವರಿದ್ದರು. ಹೊಟ್ಟೆಗೆ ಎಣ್ಣೆ ತಿಕ್ಕಲು ಬಂದವರು ಇವರೇ ಮೊದಲು.

ನನ್ನ ಹೆಂಡತಿ ಸರೋಜ ನಗು ತಡೆದುಕೊಂಡು ವಿವರಿಸಿದಳು. ಇದು ಚೆಲೊ, ಪಿಟೀಲಿನ ದೊಡ್ಡಣ್ಣ, ಹೆಗಲ ಮೇಲೆ ಹಿಡಿಸುವುದಿಲ್ಲವೆಂದು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುತ್ತಾರೆ, ಯಜಮಾನರು ಆರೋಗ್ಯವಾಗಿದ್ದಾರೆ. ಬಂದವರು ವಾದ್ಯವನ್ನು ಬಗ್ಗಿ ನೋಡಿದರು, ನನ್ನನ್ನೂ ಬಗ್ಗಿ ನೋಡಿದರು. ಎಣ್ಣೆ ವಾಪಸು ಹೋಯಿತು, ಕಷಾಯ ಉಳಿಯಿತು. "ಇರ್ಲಿ, ಕುಡೀಲಿ" ಎಂದು ಹೇಳಿ ಹೋದರು. ಅದನ್ನು ಕುಡಿದೆ. ಚೆನ್ನಾಗಿತ್ತು, ಅದು ಬೇರೆ ಮಾತು.

ಮೈಸೂರಿನ ಗೆಳೆಯರು ಕಾಗದ ಬರೆದಾಗಲೆಲ್ಲ ಒಂದೇ ಪ್ರಶ್ನೆ: ಸಾಗರಕ್ಕೆ ಯಾಕೆ ಹೋದೆ? ಅರಮನೆಯ ಇಂಗ್ಲಿಷ್ ವಾದ್ಯವೃಂದ ಚದುರಿತು. ಕೆಲವರು ಮದರಾಸಿನ ಸಿನಿಮಾದವರ ಕಡೆ ಹೋದರು, ಕೆಲವರು ಅಂಗಡಿ ಇಟ್ಟರು. ನನ್ನ ಹೆಂಡತಿಗೆ ಸಾಗರದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಮುಖ್ಯೋಪಾಧ್ಯಾಯಿನಿಯಾಗಿ ವರ್ಗವಾಯಿತು. ಅವಳ ಹಿಂದೆ ನಾನು ಬಂದೆ, ನನ್ನ ಹಿಂದೆ ಬಸ್ಸಿನ ಮೇಲೆ ಹಗ್ಗ ಕಟ್ಟಿಸಿಕೊಂಡು ಚೆಲೊ ಬಂತು. ಮೈಸೂರಿನಲ್ಲಿ ನನಗೊಂದು ಹೆಸರಿತ್ತು. ಇಲ್ಲಿ ನಾನು 'ಟೀಚರ ಯಜಮಾನ್ರು'. ಮೊದಲ ವಾರ ಅದಕ್ಕೆ ಸಿಟ್ಟು ಬಂದಿತು. ಎರಡನೆಯ ವಾರ ಆ ಹೆಸರಿಗೆ ಓಗೊಟ್ಟೆ.

ಆಗ ಶರಾವತಿಗೆ ದೊಡ್ಡ ಅಣೆಕಟ್ಟು ಏಳುತ್ತಿದ್ದ ಕಾಲ. ನೀರಿನಡಿಗೆ ಹೋಗುತ್ತಿದ್ದ ಹಳ್ಳಿಗಳವರು ಸಾಮಾನು ಹೊತ್ತು ಸಾಗರಕ್ಕೆ ಬರುತ್ತಿದ್ದರು, ಖಾಲಿ ಮನೆಯೇ ಇರಲಿಲ್ಲ. ಕೊನೆಗೆ ಗಂಧದ ಕೆತ್ತನೆ ಮಾಡುವ ಮಂಜಪ್ಪನವರು ತಮ್ಮ ಮನೆಯ ಪಕ್ಕದ ಎರಡು ಕೋಣೆ ಕೊಟ್ಟರು. ಪ್ರಯಾಣದಲ್ಲಿ ಚೆಲೊದ ಕುದುರೆ, ಎಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಮುರಿದಿತ್ತು. ಅದನ್ನು ಮದರಾಸಿನಿಂದ ತರಿಸಲು ತಿಂಗಳುಗಟ್ಟಲೆ ಬೇಕು ಎಂದು ನಾನು ಗೋಳಾಡುತ್ತಿದ್ದರೆ ಮಂಜಪ್ಪನವರು ಮುರುಕನ್ನು ಕಿಸೆಗೆ ಹಾಕಿಕೊಂಡು ಹೋದರು. ಮೂರನೆಯ ದಿನ ಶಿವನೆ ಮರದ ಹೊಸ ಕುದುರೆ ಬಂತು. ಅಳತೆ ಕೂದಲಿನಷ್ಟೂ ತಪ್ಪಿರಲಿಲ್ಲ. ಆದರೆ ಅದರ ಎರಡು ಕಡೆ ಎರಡು ಗಿಳಿ ಕೂತಿದ್ದವು.

"ಗಿಳಿ ಯಾಕೆ?" ಎಂದೆ, ಗಾಬರಿಯಾಗಿ.

"ಬರೀ ಮರ ಹ್ಯಾಗೆ ಕೊಡ್ಲಿ ಮಾರಾಯ್ರೆ?" ಎಂದರು ಅವರು, ನನಗಿಂತ ಹೆಚ್ಚು ಗಾಬರಿಯಾಗಿ.

ಊರು ಬದಲಾದರೆ ನಾಲಿಗೆಯೂ ಮತ್ತೆ ಶಾಲೆಗೆ ಹೋಗಬೇಕು. ಮೈಸೂರಿನಲ್ಲಿ ಮನೆಗೆ ಬಂದವರಿಗೆ ಕೇಳದೆಯೇ ಕಾಫಿ. ಇಲ್ಲಿ ಮೊದಲು "ಆಸ್ರಿಗೆ ಎಂತ?" ಎನ್ನುತ್ತಾರೆ. ಬಾಯಾರಿಕೆಗೆ ಏನು ಕೊಡಲಿ ಎಂದು ಅರ್ಥ. ಅಲ್ಲಿ ಸಾರು ಮುಗಿದರೆ ಊಟ ಅರ್ಧ ಮುಗಿದಂತೆ. ಇಲ್ಲಿ ಬೇಲಿಯ ಮೇಲಿನ ಯಾವುದೋ ಸೊಪ್ಪನ್ನು ಅರೆದು ಮಜ್ಜಿಗೆಗೆ ಕಲಸಿ ತಂಬುಳಿ ಎಂದು ಬಡಿಸುತ್ತಾರೆ, ಅದಿಲ್ಲದೆ ಊಟವೇ ಶುರುವಾಗುವುದಿಲ್ಲ. ಪಕ್ಕದ ಮನೆಯವರು 'ನಾವು' ಎನ್ನಲು 'ಎಂಗೊ' ಎನ್ನುತ್ತಾರೆ, 'ಇಲ್ಲ' ಎನ್ನಲು 'ಇಲ್ಲೆ', 'ಇದೆ' ಎನ್ನಲು 'ಇದ್ದು', 'ಎಂದು' ಎನ್ನಲು 'ಹೇಳಿ', 'ಅಂತೆ' ಎನ್ನಲು 'ಅಡ'. ಮನೆಯೊಳಗೆ ಅವರು ಮಾತಾಡಿಕೊಂಡರೆ ನನಗೆ ಅರ್ಧವೂ ದಕ್ಕುತ್ತಿರಲಿಲ್ಲ. ಕನ್ನಡನಾಡಿನಲ್ಲೇ ಕನ್ನಡಿಗನೊಬ್ಬ ಪರದೇಶಿಯಾಗಿ ಕೂತಿರುವುದು ಎಂಥ ವಿಚಿತ್ರವೆಂದು ಅನುಭವಿಸಿದವನಿಗೇ ಗೊತ್ತು.

ಆ ಪಕ್ಕದ ಮನೆಯವರೇ ಗೌರಕ್ಕ. ಐವತ್ತರ ಹತ್ತಿರದ ಹೆಂಗಸು. ಅವರ ಊರು ಅಣೆಕಟ್ಟಿನ ನೀರಿಗೆ ಹೋಯಿತು. ತೋಟ, ಬಾವಿ, ಕೊಟ್ಟಿಗೆ ಎಲ್ಲ ಬಿಟ್ಟು ಯಜಮಾನರೊಂದಿಗೆ ಸಾಗರದ ಬಾಡಿಗೆ ಮನೆಗೆ ಬಂದಿದ್ದರು. ಒಬ್ಬಳೇ ಮಗಳು ಸಾವಿತ್ರಿಯನ್ನು ಹೊಸನಗರದ ಕಡೆಯ ಸುಬ್ರಾಯ ಹೆಗಡೆಯವರ ಮನೆಗೆ ಕೊಟ್ಟಿದ್ದರು. ಮಗಳು ಈಗ ಬಸುರಿ. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು, ಅದು ಎಲ್ಲ ಕಡೆಯ ರೂಢಿ. "ತವರು ಅಂದ್ರೆ ಇನ್ನು ಈ ಒಂದೂವರೆ ಕೋಣೆ" ಎಂದು ನಗುತ್ತಿದ್ದ ಗೌರಕ್ಕ ಅದರಲ್ಲೇ ಒಂದು ಮೂಲೆಯನ್ನು ಸಾರಿಸಿ, ಹಳೆಯ ಸೀರೆಗಳನ್ನು ಒಗೆದು ಮಡಿಸಿ, ದಿನ ಎಣಿಸುತ್ತಿದ್ದರು.

ಮತ್ತು ಹಾಡುತ್ತಿದ್ದರು. ಹಪ್ಪಳ ಒತ್ತುವಾಗ, ಬತ್ತಿ ಹೊಸೆಯುವಾಗ, ಬಾಯಿ ಮುಚ್ಚಿಕೊಂಡೇ ಒಂದು ರಾಗ ಗುನುಗುತ್ತಿದ್ದರು. ನಿಧಾನ, ಕೆಳಗಿನ ಸ್ಥಾಯಿಯಲ್ಲಿ ತೊಯ್ದಾಡುವ ರಾಗ. ಮಧ್ಯೆ ಒಂದು ಕಡೆ ಜಾರಿ ಬಿದ್ದು ಮತ್ತೆ ಏಳುವುದು. ನಾನು ಗೋಡೆಯ ಈಚೆ ಕುಳಿತು ಮೈಮರೆತು ಕೇಳಿದೆ. ನೀರಿನಡಿಗೆ ಹೋದ ಊರಿಗಾಗಿ ಈ ತಾಯಿ ಅಳುತ್ತಿದ್ದಾಳೆ, ಇದಕ್ಕಿಂತ ದೊಡ್ಡ ಶೋಕಗೀತೆಯನ್ನು ನಾನು ಕೇಳಿಲ್ಲ ಎಂದುಕೊಂಡೆ. ಕಣ್ಣಲ್ಲಿ ನೀರೂ ಬಂತು, ಸುಳ್ಳು ಯಾಕೆ ಹೇಳಲಿ.

ಇಲ್ಲಿ ನನ್ನ ಗುರುವಿನ ಮಾತು ಹೇಳಲೇಬೇಕು. ಅವರು ಜರ್ಮನಿಯಿಂದ ಬಂದು ಮೈಸೂರಿನಲ್ಲೇ ತೀರಿಕೊಂಡ ಮುದುಕ. ಅವರದೊಂದು ಕಟ್ಟಪ್ಪಣೆ: ಕಮಾನು ತಂತಿಗೆ ತಾಗುವ ಮೊದಲು ಈ ಸಂಗೀತ ಬರೆದವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೇಳದಿದ್ದರೆ ಕಳ್ಳತನ. ಹತ್ತೊಂಬತ್ತು ವರ್ಷ ಹೇಳಿದೆ. ಎಲ್ಲವೂ ಸತ್ತವರ ಹೆಸರು. ಬದುಕಿರುವ ಒಬ್ಬರ ಸಂಗೀತ ನುಡಿಸಬೇಕು, ಅವರು ಎದುರಿಗೆ ಕುಳಿತು ಕೇಳಬೇಕು, ತಪ್ಪಿದರೆ ಎದ್ದು ಬಂದು ಬೈಯಬೇಕು ಎಂಬುದು ನನ್ನ ಒಂದೇ ಆಸೆಯಾಗಿತ್ತು. ಗುರುಗಳದೂ ಅದೇ ಆಸೆ. ಅವರಿಗೆ ಸಿಗಲಿಲ್ಲ.

ಗೌರಕ್ಕನನ್ನು ಕೇಳಿಯೇಬಿಟ್ಟೆ. "ಈ ಹಾಡು ಯಾರದು?"

"ಯಾರದ್ದೋ."

"ಯಾರದ್ದೋ ಅಂದರೆ? ಯಾರೋ ಒಬ್ಬರು ಮಾಡಿರಬೇಕಲ್ಲ!"

ಬಹಳ ಪೀಡಿಸಿದ ಮೇಲೆ ಹಪ್ಪಳದ ಮಣೆಯ ಕಡೆ ನೋಡುತ್ತ, "ನಾನೇ ಕಟ್ಟಿದ್ದು ಅಂತ ಇಟ್ಕಳಿ" ಎಂದರು. ಬರೆದುಕೊಳ್ಳಲೇ ಎಂದೆ. "ಶಬ್ದ ನಿಮಗೆ ಬ್ಯಾಡ. ರಾಗ ಬೇಕಾದ್ರೆ ತಗಳಿ" ಎಂದರು. ಶಾಲೆಯ ವಾರ್ಷಿಕೋತ್ಸವದಲ್ಲಿ ನುಡಿಸುತ್ತೇನೆ, ನಿಮ್ಮ ಹೆಸರು ಹೇಳುತ್ತೇನೆ ಎಂದೆ. "ಹೆಸರೆಂತಕ್ಕೆ? ಇಂಥ ಹಾಡಿಗೆ ಹೆಸರು ಇಲ್ಲೆ" ಎಂದರು. ನಾನದನ್ನು ವಿನಯವೆಂದು ತಿಳಿದೆ. ಮೈಸೂರಿನಲ್ಲಿ ಎಂಥ ವಿದ್ವಾಂಸರೂ ಮೊದಲು "ನನಗೇನು ಬರುತ್ತೆ ಸ್ವಾಮಿ" ಎಂದೇ ಶುರು ಮಾಡುವುದು, ಅದನ್ನು ಯಾರಾದರೂ ನಂಬುತ್ತೇವೆಯೆ?

ವಾರ್ಷಿಕೋತ್ಸವದ ಮುಖ್ಯ ಅತಿಥಿ ಹೊಸನಗರದ ಸುಬ್ರಾಯ ಹೆಗಡೆಯವರು, ಗೌರಕ್ಕನ ಬೀಗರು. ಶಾಲೆಯ ಬೆಂಚುಗಳಿಗೆ ಮರ ಕೊಟ್ಟವರು ಅವರು. ಇದನ್ನು ನಾನು ಶುಭಶಕುನವೆಂದುಕೊಂಡೆ. ಗೌರಕ್ಕನಿಗೂ ಅವರ ಬೀಗರಿಗೂ ಒಟ್ಟಿಗೆ ಗೌರವವಾಗುತ್ತದಲ್ಲ! ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಮೈಕಿನ ಮುಂದೆ ನಿಂತು, ಗುರುಗಳನ್ನು ನೆನೆದು ಹೇಳಿದೆ: "ಈಗ ನುಡಿಸುವ ಕೃತಿ, ಮುಳುಗಿದ ಊರಿಗಾಗಿ ಒಂದು ಶೋಕಗೀತೆ. ರಚಿಸಿದವರು ಸತ್ತವರಲ್ಲ. ಇಲ್ಲೇ, ನಮ್ಮ ನಡುವೆ ಕುಳಿತಿರುವ ಶ್ರೀಮತಿ ಗೌರಮ್ಮನವರು." ಜನ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ಗೌರಕ್ಕ ಕೈ ಅಲ್ಲಾಡಿಸುತ್ತಿದ್ದುದು ಕಂಡಿತು. ಅದನ್ನೂ ವಿನಯವೆಂದುಕೊಂಡೆ.

ಕಣ್ಣು ಮುಚ್ಚಿ ನುಡಿಸತೊಡಗಿದೆ. ಎರಡನೆಯ ಸಾಲಿಗೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೂರನೆಯ ಸಾಲಿಗೆ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ರಾಗ ಜಾರಿ ಬೀಳುವ ಜಾಗ ಬಂತು, ನಾನು ಜೀವವನ್ನೆಲ್ಲ ಹಾಕಿ ಎಳೆದೆ, ಇಡೀ ಸಭೆ ಗೊಳ್ಳೆಂದು ನಕ್ಕಿತು. ಗಂಡಸರು ಬೆಂಚು ಬಡಿದರು. ಇದೆಂಥ ಜನ, ಊರು ಮುಳುಗಿದ್ದಕ್ಕೆ ನಗುವ ಜನ! ಕಣ್ಣು ತೆರೆದರೆ ಅದಕ್ಕಿಂತ ಭಯಂಕರವಾದದ್ದು ಕಂಡಿತು. ನಗು ಒಮ್ಮೆಗೇ ನಿಂತಿತ್ತು. ಎಲ್ಲರೂ ಒಮ್ಮೆ ಹೆಗಡೆಯವರ ಮುಖ ನೋಡುತ್ತಿದ್ದರು, ಒಮ್ಮೆ ಗೌರಕ್ಕನ ಮುಖ ನೋಡುತ್ತಿದ್ದರು. ಗೌರಕ್ಕ ಎದ್ದು ಹೊರಗೆ ಹೋದರು. ಹೆಗಡೆಯವರು ಬಹುಮಾನ ಹಂಚಿ, ಭಾಷಣ ಮಾಡದೆ, ಕಾರು ಹತ್ತಿದರು.

ಏನಾಯಿತೆಂದು ಹೇಳಿದವರು ಮನೆಯ ಮಾಲೀಕ ಮಂಜಪ್ಪನವರು. "ನಿಮಗೆ ಶಬ್ದ ಗೊತ್ತಿಲ್ವಾ?" ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ಉಳಿ ಕೆಳಗಿಟ್ಟು ಹಾಡಿ ತೋರಿಸಿದರು:

ಹನ್ನೊಂದು ಹೋಳಿಗೆ ತಿಂದ ಬೀಗಣ್ಣ
ಹಸಿವಿನ್ನೂ ಇದ್ದು ಹೇಳಿದ
ಹನ್ನೆರಡನೇದ ಶಾಲಲ್ಲಿ ಕಟ್ಟಿ
ಹೆಂಡತಿಗೂ ಹೇಳದೆ ಓಡಿದ

ನಾನು ಜೀವ ಹಾಕಿ ಎಳೆದ ಸ್ವರ ಶಾಲಿನೊಳಗೆ ಕಟ್ಟಿದ ಹೋಳಿಗೆಯದು! ಮದುವೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಗೇಲಿ ಮಾಡಿ ಹಾಡುವ ಬೀಗರ ಹಾಡು ನಮ್ಮಲ್ಲೂ ಇದೆಯಲ್ಲ, ಇದು ಅದೇ. ಸಾವಿತ್ರಿಯ ಮದುವೆಯಲ್ಲಿ ಕುಣಿಯುವ ಧಾಟಿಯಲ್ಲಿ ಹಾಡಿದ್ದನ್ನು ಗೌರಕ್ಕ ಕೆಲಸದ ನಡುವೆ ನಿಧಾನಕ್ಕೆ ಗುನುಗುತ್ತಿದ್ದರು, ಅಷ್ಟೆ. ನಾಲ್ಕು ಹೋಬಳಿಯ ಹೆಂಗಸರಿಗೆ ಆ ಹಾಡು ಬಾಯಿಪಾಠ. ಮಾತಿಲ್ಲದ ನನ್ನ ವಾದ್ಯದಲ್ಲಿ ಸಭೆಯವರೆಲ್ಲ ಮಾತು ಕೇಳಿದ್ದರು, ನನ್ನೊಬ್ಬನನ್ನು ಬಿಟ್ಟು.

"ಬೀಗರ ಹಾಡಿಗೆ ಯಾರೂ ಸಿಟ್ಟು ಮಾಡ್ಕಳಲ್ಲ" ಎಂದರು ಮಂಜಪ್ಪನವರು. "ಯಾಕೆ ಹೇಳಿ? ಅದನ್ನ ಯಾರೂ ಮಾಡಿರಲ್ಲ. ಹೆಂಗಸ್ರು ಹಾಡ್ತಾರೆ, ಗಾಳಿಗೆ ಬಂತು, ಗಾಳಿಗೆ ಹೋಯ್ತು. ನೀವು ಅದಕ್ಕೆ ವಿಳಾಸ ಬರೆದು ಕೊಟ್ರಿ."

ನಾಲ್ಕು ದಿನಕ್ಕೆ ಹೊಸನಗರದಿಂದ ಮಾತು ಬಂತು: ಹೆರಿಗೆ ಅಲ್ಲೇ ಆಗಲಿ, ಸಾವಿತ್ರಿಯನ್ನು ಸಾಗರಕ್ಕೆ ಕಳಿಸುವುದಿಲ್ಲ. ಗೌರಕ್ಕ ನಮ್ಮ ಕಡೆಯ ಬಾಗಿಲು ಹಾಕಿದರು. ಸರೋಜ ಹೋಗಿ ಕ್ಷಮೆ ಕೇಳಿದಳು. "ನಿಮ್ಮ ಯಜಮಾನ್ರು ಒಳ್ಳೆ ಮನಸಿಂದಲೇ ಮಾಡಿದ್ದು. ಅದಕ್ಕೇ ಬೈಲಿಕ್ಕೂ ಆಗ್ತಾ ಇಲ್ಲೆ" ಎಂದರಂತೆ. ಸಾರಿಸಿದ ಮೂಲೆಯಲ್ಲಿ ಮಡಿಸಿಟ್ಟ ಸೀರೆಗಳು ಹಾಗೇ ಇದ್ದವು ಎಂದು ಹೇಳುವಾಗ ಸರೋಜ ಅತ್ತಳು. ಗೋಡೆಯಾಚೆ ಗುನುಗುವ ಸದ್ದು ನಿಂತುಹೋಯಿತು. ನಾನು ಚೆಲೊವನ್ನು ಪೆಟ್ಟಿಗೆಗೆ ಹಾಕಿದೆ. ನನ್ನ ಮೇಲೆಯೇ ಅಷ್ಟು ಹೇಸಿಗೆಯಾಗಿತ್ತು.

ಭಾನುವಾರ ಬಸ್ಸು ಹತ್ತಿ ಹೊಸನಗರದ ಕಡೆ ಹೋದೆ. ಹೆಗಡೆಯವರು ಬೈಯುತ್ತಾರೆ, ಹೊಡೆದರೂ ಹೊಡೆಯಲಿ ಎಂದು ಸಿದ್ಧನಾಗಿದ್ದೆ. ಅವರು "ಕೂತ್ಕಳಿ. ಆಸ್ರಿಗೆ ಎಂತ?" ಎಂದರು. ತುಂಬಿದ ಬಸುರಿ ಸಾವಿತ್ರಿ ಬೆಲ್ಲ ನೀರು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು.

ತಪ್ಪಾಯಿತು, ಶಬ್ದ ಗೊತ್ತಿರಲಿಲ್ಲ ಎಂದೆ. ಹೆಗಡೆಯವರು ನಿಟ್ಟುಸಿರು ಬಿಟ್ಟರು. "ಆ ಹಾಡಿಗೆ ಮದುವೆ ದಿನ ನಾನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ ಮಾರಾಯ್ರೆ. ಹೋಳಿಗೆ ಕಟ್ಕಂಡಿದ್ದು ಸುಳ್ಳೂ ಅಲ್ಲ. ಯಾರು ಕಟ್ಟಿದ ಹಾಡು ಅಂತ ನಂಗೆ ಗೊತ್ತಿರಲಿಲ್ವಾ? ಎಲ್ಲರಿಗೂ ಗೊತ್ತಿತ್ತು. ಗೊತ್ತಿರೋದು ಬೇರೆ, ಹೇಳೋದು ಬೇರೆ. ನೀವು ಮೈಕು ಹಿಡಿದು ಹೇಳ್ಬಿಟ್ರಿ. ಈಗ ನಾನು ಸಿಟ್ಟು ಮಾಡ್ಕಳದೇ ಇದ್ರೆ ನಂಗೆ ಮಾನ ಇಲ್ಲೆ ಹೇಳಿ ಆಗ್ತು. ನಂಗೆ ಸಿಟ್ಟು ಬ್ಯಾಡಾಗಿತ್ತು. ನೀವು ತಂದು ಕೊಟ್ರಿ."

ಕೋಪವಿಲ್ಲದ ಮನುಷ್ಯ ಕೋಪವನ್ನು ಹೊತ್ತು ತಿರುಗುತ್ತಿದ್ದ, ಅದೂ ನನ್ನ ದೆಸೆಯಿಂದ. "ಇಳಿಸುವುದು ಹೇಗೆ?" ಎಂದೆ.

"ತೀರ್ಥಹಳ್ಳಿಲಿ ನನ್ನ ತಂಗಿ ಮಗನ ಮದುವೆ ಇದ್ದು. ಅವತ್ತು ಸಾಗರದಲ್ಲಿ ನಕ್ಕೋರೆಲ್ಲ ಅಲ್ಲಿಗೆ ಬರ್ತಾರೆ. ನೀವೂ ಬಂದು ಅದನ್ನೇ ಬಾರಿಸಿ. ಮಾಡಿದೋರು ಬೇರೆ ಯಾರೋ ಅಂತ ಹೇಳಿ."

"ಯಾರ ಹೆಸರು ಹೇಳಲಿ?"

"ಯಾರಾದ್ರೂ ಸತ್ತೋರದ್ದು. ಸತ್ತೋರ ಮೇಲೆ ಎಂತ ಸಿಟ್ಟು?"

ತಿರುಗಿ ಬಸ್ಸು ಹತ್ತಿದೆ. ಬದುಕಿರುವ ಒಬ್ಬರ ಸಂಗೀತಕ್ಕಾಗಿ ಇಡೀ ಆಯುಷ್ಯ ಕಾದಿದ್ದೆ, ಸಿಕ್ಕಿತ್ತು. ಅದನ್ನು ನನ್ನ ಬಾಯಿಂದಲೇ ಸತ್ತವನ ಹೆಸರಿಗೆ ಬರೆದುಕೊಡಬೇಕು! ಆಗುವುದಿಲ್ಲ ಎಂದು ಸರೋಜಳ ಮುಂದೆ ಕೂಗಾಡಿದೆ. ಅವಳು, "ಹೆರಿಗೆಗೆ ಕರೆಯಲು ನಿಮ್ಮ ಗುರುಗಳಿಗೆ ಮಗಳಿದ್ದಳಾ?" ಎಂದಳು. ಇರಲಿಲ್ಲ. ನಮಗೂ ಇಲ್ಲ. ನಾನು ಪೆಟ್ಟಿಗೆ ತೆಗೆದು ತಂತಿ ಬಿಗಿ ಮಾಡಿದೆ.

ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಛತ್ರ. ಮದುವೆಯ ಊಟ ಮುಗಿದು ಜನ ಎಲೆಯಡಿಕೆ ಮೆಲ್ಲುತ್ತಿದ್ದರು. ನಾನು ನಿಂತೆ. "ಸಾಗರದಲ್ಲಿ ಒಂದು ತಪ್ಪು ಹೇಳಿದ್ದೆ" ಎಂದೆ. "ಆ ಕೃತಿ ಗೌರಮ್ಮನವರದ್ದಲ್ಲ. ಅವರಿಗೆ ಅದು ನನ್ನಿಂದಲೇ ಕೇಳಿ ಗೊತ್ತು. ಅದನ್ನು ರಚಿಸಿದವರು ಜರ್ಮನಿಯವರು, ತೀರಿಕೊಂಡು ಬಹಳ ವರ್ಷವಾಯಿತು." ಹೆಸರು ಹೇಳಬೇಕು. ಯಾವುದನ್ನೂ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿಗೆ ಬಂದದ್ದು ನನ್ನ ಗುರುವಿನ ಹೆಸರು. ಬಾಳಿಡೀ ಒಂದು ಸಾಲೂ ಸ್ವಂತ ಬರೆಯದ, ಬರೆದವರ ಹೆಸರು ಹೇಳದಿರುವುದು ಕಳ್ಳತನವೆನ್ನುತ್ತಿದ್ದ ಗುರು. ಹೇಳಿ ಕುಳಿತು ಚೆಲೊವನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡೆ.

ಮುಂದಿನ ಸಾಲಿನ ಮುದುಕರೊಬ್ಬರು ಗಂಭೀರವಾಗಿ ತಲೆ ಆಡಿಸಿದರು. "ಹೌದಪ್ಪ, ಜರ್ಮನಿಯವ್ರದ್ದೇ ಇರ್ಬೇಕು. ಬುದ್ಧಿವಂತರು." ಸುತ್ತಲಿದ್ದವರೂ ಹೌದು ಹೌದು ಎಂದರು. ಒಬ್ಬರೂ ನಂಬಲಿಲ್ಲ, ಒಬ್ಬರೂ ನಗಲಿಲ್ಲ. ಅಷ್ಟು ಜನ ಒಟ್ಟಿಗೆ ಒಂದು ಸುಳ್ಳನ್ನು ಅಷ್ಟು ಮರ್ಯಾದೆಯಿಂದ ಒಳಗೆ ಕರೆದು ಕೂರಿಸಿದ್ದನ್ನು ನಾನು ಮೈಸೂರಿನಲ್ಲಿ ಕಂಡಿಲ್ಲ.

ನುಡಿಸತೊಡಗಿದೆ. ಎರಡನೆಯ ಸಾಲಿಗೆ ಹಿಂದಿನಿಂದ ಒಂದು ದನಿ ಸೇರಿತು. ಹನ್ನೊಂದು ಹೋಳಿಗೆ ತಿಂದ ಬೀಗಣ್ಣ. ಮತ್ತೆ ಹತ್ತು ದನಿ. ಮತ್ತೆ ಛತ್ರದ ಹೆಂಗಸರೆಲ್ಲ. ಅವರ ಓಟಕ್ಕೆ ನನ್ನ ಕಮಾನೂ ಓಡಿತು. ಸುಬ್ರಾಯ ಹೆಗಡೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಹೆಗಲ ಮೇಲಿನ ಶಾಲನ್ನು ಬಿಡಿಸಿ ಕೊಡವಿ ತೋರಿಸಿದರು, ಹೋಳಿಗೆ ಇಲ್ಲ ನೋಡಿ ಎಂದು. ಹೆಂಗಸರ ನಡುವೆ ಗೌರಕ್ಕನೂ ಹಾಡುತ್ತಿದ್ದರು, ತನ್ನದಲ್ಲದ ಹಾಡೆಂಬಂತೆ, ಎಲ್ಲರಿಗಿಂತ ಜೋರಾಗಿ. ಹತ್ತೊಂಬತ್ತು ವರ್ಷ ಕೋಟು ಹಾಕಿ ನುಡಿಸಿದವನ ಜೊತೆ ಯಾರೂ ಒಂದು ಸಾಲು ಹಾಡಿರಲಿಲ್ಲ. ನನ್ನ ಕಣ್ಣಿಂದ ನೀರು ಸುರಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಮರುವಾರ ಸಾವಿತ್ರಿ ಸಾಗರಕ್ಕೆ ಬಂದಳು. ಹೆಗಡೆಯವರೇ ಕಾರಿನಲ್ಲಿ ಕರೆತಂದರು. ಗೌರಕ್ಕನ ಒಂದೂವರೆ ಕೋಣೆಯಲ್ಲಿ ಗಂಡು ಕೂಸು ಹುಟ್ಟಿತು. ಹನ್ನೊಂದನೆಯ ದಿನ ಗೌರಕ್ಕ ನಮ್ಮ ಬಾಗಿಲಿಗೆ ಬಂದು ನಿಂತರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಅದನ್ನು ಕಿವಿಗೇ ಹಾಕಿಕೊಳ್ಳದೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಹೇಳಿದರು:

"ಆ ನಿಮ್ಮ ಜರ್ಮನಿಯೋರು ಇನ್ನೂ ಎರಡು ಹಾಡು ಕಟ್ಟಿದ್ರಡ. ಬರ್ಕಳ್ತ್ರಾ?"

ಅಲ್ಲಿಂದ ಇಂದಿನವರೆಗೆ ನಾನು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಛತ್ರಗಳಲ್ಲಿ ನುಡಿಸಿದ್ದೆಲ್ಲ ಬದುಕಿರುವವರ ಹಾಡು. ಗೌರಕ್ಕನದ್ದು ಕೇಳಿ ಬೇರೆ ಮನೆಗಳ ಹೆಂಗಸರೂ ರಾಗ ಕೊಟ್ಟರು. ಎಲ್ಲರಿಗೂ ಒಬ್ಬೊಬ್ಬ ಸತ್ತ ಜರ್ಮನಿಯವನನ್ನು ಹುಡುಕಿ ಕೊಟ್ಟಿದ್ದೇನೆ. ಹೋದ ವರ್ಷ ಮೈಸೂರಿನಿಂದ ನನ್ನ ಹಳೆಯ ಜೊತೆಗಾರ, ಅರಮನೆಯಲ್ಲಿ ನನ್ನ ಪಕ್ಕದಲ್ಲೇ ಚೆಲೊ ನುಡಿಸುತ್ತಿದ್ದವನು, ಬಂದಿದ್ದ. ಕೇಳಿ ಬೆರಗಾದ. "ಯಾರಯ್ಯ ಇದನ್ನ ಬರೆದದ್ದು? ನಾನು ಕೇಳೇ ಇಲ್ಲವಲ್ಲ!" ಎಂದ. ಗೌರಕ್ಕ ಅಲ್ಲೇ ಬಾಗಿಲಲ್ಲಿ ಮೊಮ್ಮಗನನ್ನು ಎತ್ತಿಕೊಂಡು ನಿಂತಿದ್ದರು. "ಸತ್ತುಹೋದವರೊಬ್ಬರು" ಎಂದೆ. ಜೊತೆಗಾರ ನಂಬಿದ. ಅವನು ನಂಬಿದ್ದು ಕಂಡು ನನಗೆ ಕಸಿವಿಸಿಯಾಯಿತು. ಅರಮನೆಯಲ್ಲಿ ಅಷ್ಟು ವರ್ಷ ಒಂದೇ ಪುಟ ನೋಡಿ ನುಡಿಸಿದವನಿಗೆ ಪರಕೀಯನಾಗಿಬಿಟ್ಟೆ ಅನ್ನಿಸಿತು.

ಇದನ್ನು ಓದುವ ಮೈಸೂರಿನವರು ಈಗ ಕೇಳುತ್ತೀರಿ, ಇಲ್ಲಿ ಎಲ್ಲ ಬರೆದುಬಿಟ್ಟೆಯಲ್ಲ ಎಂದು. ಇಲ್ಲ. ಗೌರಕ್ಕ ಅವರ ಹೆಸರಲ್ಲ. ಹೆಗಡೆಯವರದೂ ಅದಲ್ಲ, ತಿಂದ ತಿಂಡಿಯೂ ಹೋಳಿಗೆಯೇ ಎಂದು ನಾನು ಆಣೆ ಇಡುವುದಿಲ್ಲ. ಕರಡಿನಲ್ಲಿ ನಿಜವಾದ ಹೆಸರು ಬರೆದಿದ್ದೆ, ಹೊಡೆದು ಹಾಕಿದೆ. ಬರೆದ ಕೈ ಮೈಸೂರಿನದು, ಹೊಡೆದು ಹಾಕಿದ್ದು ಸಾಗರದ್ದು. ಎರಡಕ್ಕೂ ಇನ್ನೂ ರಾಜಿಯಾಗಿಲ್ಲ. ಇಲ್ಲಿಯ ಲೆಕ್ಕದಲ್ಲಿ ಸತ್ತವರ ಹೆಸರನ್ನು ಮಾತ್ರ ಹೇಳಬಹುದು. ಹಾಗಾಗಿ ಗೌರಕ್ಕನ ನಿಜವಾದ ಹೆಸರನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳುವ ಹಕ್ಕು ನನಗೂ ಒಂದು ದಿನ ಬರುತ್ತದೆ. ಬಾಳೆಲ್ಲ ಅದಕ್ಕಾಗಿ ಹಂಬಲಿಸಿದವನು, ನನ್ನ ಜೀವ ಇರುವವರೆಗೆ ಆ ದಿನ ಬಾರದಿರಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ.